ಹುಲ್ಲಿನ ಗಾಡಿಯೂ ವಿಮಾನದ ಮಂಚವೂ

ದೂರದ ಪ್ರಯಾಣವನ್ನು ಕುಳಿತು ಮಾಡುವುದೆಂಬುದು ನಮ್ಮ ಸೀಮೆಗೆ ತೀರ ಈಚೆಗೆ ಬಂದ ಪದ್ಧತಿ. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿರುವ ನೊಣವಿನಕೆರೆಯಿಂದ ಹಿಂದಿನ ಕಾಲದಲ್ಲಿ ಪರಸ್ಥಳಕ್ಕೆ ಹೊರಟವನು ಅಧಿಕಾರಸ್ಥನಾಗಿದ್ದರೆ ಮೇನೆಯಲ್ಲಿ ಮಲಗಿ ಹೋಗುತ್ತಿದ್ದನು. ನಾಲ್ಕು ಕಾಸುಳ್ಳ ತೋಟದ ಯಜಮಾನನಾಗಿದ್ದರೆ ಗಾಡಿಯ ಹುಲ್ಲಿನ ಮೇಲೆ ಮಲಗಿ ಹೋಗುತ್ತಿದ್ದನು. ಏನೂ ಇಲ್ಲದವನಾಗಿದ್ದರೆ ಕಂಬಳಿಯನ್ನು ಹೆಗಲಿಗೇರಿಸಿ ನಡೆದು, ಕತ್ತಲಾದೆಡೆಯಲ್ಲಿ ಯಾವುದೋ ಗುಡಿಯ ಜಗಲಿಯ ಮೇಲೆ ಮೈಚಾಚುತ್ತಿದ್ದನು. ಬೆನ್ನನ್ನು ನೆಟ್ಟಗೆ ನಿಲ್ಲಿಸಿ, ಮೊಣಕಾಲನ್ನು ಮಡಿಸಿ, ಹಗಲೂ ಇರುಳೂ ಒಂದೇ ಭಂಗಿಯಲ್ಲಿರುವ ಕಷ್ಟ ಈ ಮೂವರಲ್ಲಿ ಯಾರಿಗೂ ಇರಲಿಲ್ಲ. ಇಂದು ಅದೇ ಊರುಗಳ ತೋಟದ ಮನೆಗಳಿಂದ ಮಗನನ್ನೋ ಮಗಳನ್ನೋ ನೋಡಲೆಂದು ಅಮೆರಿಕೆಗೆ ಹೊರಡುವ ವೃದ್ಧ ದಂಪತಿಗಳಿಗಾಗಿ ಮಕ್ಕಳು ಬಿಸಿನೆಸ್ ಕ್ಲಾಸಿನ ಟಿಕೆಟ್ಟು ಕೊಳ್ಳುತ್ತಾರೆಂದರೆ, ಅವರು ಅಷ್ಟೊಂದು ಹಣವನ್ನು ತೆರುವುದು ನೂತನವಾದ ಯಾವುದೋ ವೈಭವಕ್ಕಾಗಿ ಅಲ್ಲ. ನಡುವೆ ಕೈತಪ್ಪಿಹೋಗಿದ್ದ ಒಂದು ಪುರಾತನ ಸೌಕರ್ಯವನ್ನು ಮರಳಿ ಪಡೆಯುವುದಕ್ಕಾಗಿ.

ಮೇನೆಯ ವಿಚಾರವನ್ನೇ ಮೊದಲು ನೋಡೋಣ. ದೇವರ ಉತ್ಸವದ ಪಲ್ಲಕ್ಕಿಯನ್ನೋ ಮದುವೆಯ ಮೆರವಣಿಗೆಯ ಪಲ್ಲಕ್ಕಿಯನ್ನೋ ಕಂಡು, ದೂರ ಪ್ರಯಾಣದ ಮೇನೆಯೂ ಹಾಗೆಯೇ ದಿಂಬಿಗೊರಗಿ ಕೂರುವ ಪೀಠವಾಗಿತ್ತೆಂದು ಭಾವಿಸುವವರುಂಟು. ಅದು ಹಾಗಲ್ಲ. ಆಳುದ್ದದ ಮರದ ಪೆಟ್ಟಿಗೆ. ಎರಡು ಪಕ್ಕಗಳಲ್ಲೂ ಸರಿಸಿ ಮುಚ್ಚುವ ಬಾಗಿಲು. ಒಳಗೆ ಚಾಪೆ, ಹಾಸಿಗೆ, ತಲೆದಿಂಬು. ಹೊರುವ ಬೋಯಿಗಳು ಸರದಿಯ ಮೇಲೆ ಹೆಗಲು ಬದಲಿಸುತ್ತ, ಮುಂದೊಬ್ಬನು ಪಂಜು ಹಿಡಿದು ಓಡುತ್ತ, ಇರುಳೆಲ್ಲ ದಾರಿ ಸವೆಸುತ್ತಿದ್ದರು. ಒಳಗಿನ ದೊರೆಯು ಬಾಗಿಲೆಳೆದುಕೊಂಡು ನಿದ್ರಿಸುತ್ತಿದ್ದನು. ಬಾಗಿಲಿರುವ ಕಿರುಕೋಣೆಯಲ್ಲಿ ಪೂರ್ತಿ ಕಾಲುನೀಡಿ ಮಲಗಿ ಹೋಗುವ ಭಾಗ್ಯವನ್ನು ಈಗಿನ ವಿಮಾನ ಸಂಸ್ಥೆಗಳು ತಮ್ಮ ಇತ್ತೀಚಿನ ಸಾಧನೆಯೆಂದು ಜಾಹೀರು ಮಾಡುತ್ತಿವೆ! ಆ ಸುಖ ಎಂಟು ಜನರ ಹೆಗಲ ಮೇಲೆ ನಿಂತದ್ದೆಂಬುದನ್ನು ಮಾತ್ರ ಮರೆಯಲಾಗದು. ಹೆಗಲೇ ಬೇಕಾದುದಕ್ಕೆ ಕಾರಣ ದಾರಿ: ಫ್ರಾನ್ಸಿಸ್ ಬುಕಾನನನೆಂಬ ಪ್ರವಾಸಿಯು 1800-01ರಲ್ಲಿ ಮೈಸೂರು ರಾಜ್ಯವನ್ನು ಸುತ್ತಿ, ಈ ಕಡೆಯ ತೆಂಗಿನ ತೋಟಗಳನ್ನೂ ಚಿಕ್ಕನಾಯಕನಹಳ್ಳಿಯ ವ್ಯಾಪಾರವನ್ನೂ ಕಂಡು ಬರೆದ ಕಾಲಕ್ಕೆ, ಸರಕು ಸಾಗುತ್ತಿದ್ದುದು ಬಹುಮಟ್ಟಿಗೆ ಹೇರೆತ್ತಿನ ಬೆನ್ನ ಮೇಲೆ. ಗಾಡಿ ಉರುಳಬಲ್ಲ ದಾರಿಗಳೇ ವಿರಳವಾಗಿದ್ದುವು.

ರಸ್ತೆಗಳು ಹಸನಾದ ಮೇಲೆ ಬಂದ ಗಾಡಿಯ ಯುಗವೇ ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಅತ್ಯಂತ ಸ್ವಾರಸ್ಯದ ಭಾಗ. ಸ್ಥಳವನ್ನು ಆಯುವ ವಿದ್ಯೆ ಹುಟ್ಟಿದ್ದು ಅಲ್ಲಿ. ಗಾಡಿಯ ತೊಟ್ಟಿಯೊಳಗೆ ಮೊಳದೆತ್ತರ ಹುಲ್ಲು ಹಾಸಿ, ಮೇಲೆ ಗೋಣಿ ತಾಟು, ಅದರ ಮೇಲೆ ಜಮಖಾನ, ತಲೆಯ ಕಡೆಗೆ ಬಟ್ಟೆಯ ಗಂಟು, ಮೇಲೆ ಬಿದಿರ ದಬ್ಬೆಗಳನ್ನು ಬಾಗಿಸಿ ಕಟ್ಟಿದ ಕಮಾನು. ಇಷ್ಟಾದರೆ ಜಾತ್ರೆಗೋ ಮದುವೆಗೋ ಹೊರಟ ಇಡೀ ಸಂಸಾರ ಅದರೊಳಗೆ ಇರುಳು ಕಳೆಯಬಹುದಾಗಿದ್ದಿತು. ಆದರೆ ಎಲ್ಲಿ ಮಲಗುವುದು? ಅಚ್ಚಿನ ನೇರಕ್ಕೆ ಮಲಗಿದವನಿಗೆ ಚಕ್ರವಿಳಿದ ಪ್ರತಿಯೊಂದು ಕೊರಕಲೂ ಸೊಂಟಕ್ಕೆ ತಿಳಿಯುತ್ತದೆ. ಹಿಂಬದಿಯ ತುದಿಯಲ್ಲಿ ಕುಲುಕಾಟ ಕಡಿಮೆಯೆನಿಸಿದರೂ ಚಕ್ರದಿಂದೇಳುವ ಧೂಳು ಮೂಗಿಗೆ ಅಡರುತ್ತದೆ. ಮುಂದುಗಡೆ ಮೂಕಿಯ ಹತ್ತಿರ ಎತ್ತಿನ ನಡೆಗೆ ತಕ್ಕ ಒಂದು ತೂಗಾಟವಿದ್ದು, ಮಕ್ಕಳಿಗೆ ನಿದ್ದೆ ಬರಿಸುವ ಗುಣ ಅದಕ್ಕುಂಟು. ಇಷ್ಟರ ಮೇಲೆ ಗಾಡಿ ಹೊಡೆಯುವವನದೂ ಒಂದು ಮಾತಿರುತ್ತಿದ್ದಿತು: ಮುಂಭಾರವಾದರೆ ಎತ್ತಿನ ಹೆಗಲು ಉಜ್ಜಿ ಹುಣ್ಣಾಗುತ್ತದೆ, ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ, ಆದ್ದರಿಂದ ಮೈಭಾರದ ಮಾವನವರು ಇಷ್ಟಪಟ್ಟೆಡೆಯಲ್ಲಿ ಮಲಗುವಂತಿರಲಿಲ್ಲ, ಅವನು ತೋರಿಸಿದೆಡೆಯಲ್ಲಿ ಮಲಗಬೇಕಾಗಿತ್ತು.

ಜನ ಹೆಚ್ಚಾದಾಗ ಹೆಂಗಸರು ಕಂಡುಕೊಂಡಿದ್ದ ಉಪಾಯವೊಂದಿತ್ತು. ಮೂವರ ಸ್ಥಳದಲ್ಲಿ ಐದು ಜನ ಹಿಡಿಯಬೇಕಾದರೆ ಒಬ್ಬರ ತಲೆಯ ಪಕ್ಕಕ್ಕೆ ಮತ್ತೊಬ್ಬರ ಕಾಲು ಬರುವಂತೆ ಎದುರುಬದುರಾಗಿ ಮಲಗಿಸುವುದು. ಮನುಷ್ಯದೇಹ ಹೆಗಲಿನಲ್ಲಿ ಅಗಲ, ಪಾದದಲ್ಲಿ ಕಿರಿದು. ಹೆಗಲ ಪಕ್ಕಕ್ಕೆ ಪಾದ ಬಂದರೆ ಸ್ಥಳ ಉಳಿಯುತ್ತದೆ. ಈ ಸಣ್ಣ ಗಣಿತವನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಲಂಡನ್ನಿನಲ್ಲಿ ಅದರ ಕೆಲಸ ಬೀಳುತ್ತದೆ. ಗಾಡಿಯ ಹುಲ್ಲಿನ ಸುಖ ಊರಿನ ಎಲ್ಲರಿಗೂ ಸಲ್ಲುತ್ತಿರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಯಾರು ಒಳಗೆ, ಯಾರು ಮೂಕಿಯ ಮೇಲೆ, ಯಾರು ಲಾಂದ್ರ ಹಿಡಿದು ಗಾಡಿಯ ಹಿಂದೆ ನಡೆಯತಕ್ಕವರು ಎಂಬುದನ್ನು ಜಾತಿಯೂ ಜೀತವೂ ಮೊದಲೇ ಗೊತ್ತುಮಾಡಿದ್ದುವು. ಹಿಂದೆ ನಡೆಯುವವನ ಮುಂದೆ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ.

ಆ ಪ್ರಶ್ನೆಯನ್ನು ಅವನ ಮುಂದೆಯೂ ಮೊಟ್ಟಮೊದಲಿಗೆ ಇಟ್ಟುದು ರೈಲು. 1876-78ರ ಮಹಾ ಕ್ಷಾಮವಾದ ಮೇಲೆ ಮೈಸೂರು ಸಂಸ್ಥಾನ ರೈಲುದಾರಿಯ ಕೆಲಸವನ್ನು ತೀವ್ರಗೊಳಿಸಿ, ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ಗಾಡಿ ಓಡಿಸಿತು. ಗುಬ್ಬಿಯ ನಾಟಕದ ಕಂಪನಿ ಹುಟ್ಟಿದ್ದೂ ಅದೇ ವರ್ಷ. ಪರದೆ ಪೆಟ್ಟಿಗೆಗಳನ್ನು ಹೊತ್ತು ಊರೂರು ತಿರುಗಬೇಕಾದ ಕಂಪನಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಕ್ಕುತ್ತಿರಲಿಲ್ಲ. 1889ರ ಹೊತ್ತಿಗೆ ಮೀಟರ್ ಗೇಜಿನ ಆ ದಾರಿ ತಿಪಟೂರು, ಅರಸೀಕೆರೆಗಳನ್ನು ಹಾದು ಹರಿಹರವನ್ನು ಮುಟ್ಟಿತು. ಹೊನ್ನವಳ್ಳಿಯಲ್ಲಿದ್ದ ತಾಲ್ಲೂಕಿನ ಕಚೇರಿಯು ಆ ಕಾಲದಲ್ಲಿಯೇ ತಿಪಟೂರಿಗೆ ಬಂದಿತು. ಹೊನ್ನವಳ್ಳಿಯ ಪಾಲಿಗೆ ಉಳಿದದ್ದು ಹೊನ್ನವಳ್ಳಿ ರೋಡ್ ಎಂಬ ಒಂದು ನಿಲ್ದಾಣದ ಹೆಸರು. ನೊಣವಿನಕೆರೆಯ ಗಾಡಿಗಳು ಕೊಬ್ಬರಿ ಮೂಟೆಗಳನ್ನು ತಿಪಟೂರಿನ ಮಂಡಿಗೂ, ಪ್ರಯಾಣಿಕರನ್ನು ತಿಪಟೂರಿನ ಸ್ಟೇಷನ್ನಿಗೂ ಮುಟ್ಟಿಸತೊಡಗಿದುವು. ತುರುವೇಕೆರೆಯವರಿಗೆ ಬಾಣಸಂದ್ರವೇ ಹತ್ತಿರವಾಯಿತು.

ರೈಲಿನ ಮೂರನೆಯ ದರ್ಜೆಯಲ್ಲಿ ಇದ್ದುದು ಬರಿಯ ಮರದ ಹಲಗೆ. ಮೇಲಿನ ದರ್ಜೆಗಳಲ್ಲಿ ಮೆತ್ತೆಯಿದ್ದಿತು, ಮಲಗಲು ಸ್ಥಳವಿದ್ದಿತು. ಆದರೆ ಹಾಸಿಗೆಯನ್ನು ಪ್ರಯಾಣಿಕನೇ ತರಬೇಕಾಗಿದ್ದಿತು. ಆದಕಾರಣ ಹೋಲ್ಡಾಲೆಂಬ ಕ್ಯಾನ್ವಾಸಿನ ಸುರುಳಿ, ತಿರುಗಣೆ ಮುಚ್ಚಳದ ಹಿತ್ತಾಳೆಯ ಕೂಜ, ಬುತ್ತಿಯ ಗಂಟು ಈ ಮೂರೂ ಇಲ್ಲದೆ ಯಾವ ಗೃಹಸ್ಥನೂ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಸುಖವನ್ನು ಮನೆಯಿಂದ ಹೊತ್ತು ತಂದು ಹಲಗೆಯ ಮೇಲೆ ಬಿಚ್ಚುವುದು ಆಗಿನ ರೀತಿ. ಮೂರನೆಯ ದರ್ಜೆಯವನಿಗಾದರೋ ಬಿಚ್ಚಲು ಸ್ಥಳವೇ ದುರ್ಲಭ. ಆ ಪಾಡನ್ನು ಕುರಿತು ಗಾಂಧಿಯವರು 1917ರಲ್ಲಿ ಪತ್ರಿಕೆಗೆ ಕಾಗದ ಬರೆದು, ಪ್ರಾಣಿಗಳಿಗೂ ಸಲ್ಲದ ಅವಸ್ಥೆಯನ್ನು ಲೋಕದ ಮುಂದಿಟ್ಟರು. ಆದರೂ ಆ ಹಲಗೆಗೆ ಒಂದು ಗುಣವಿದ್ದಿತು. ಕಾಸು ಕೊಟ್ಟು ಚೀಟಿ ಪಡೆದವನನ್ನು ಅದು ಕುಲ ಕೇಳುತ್ತಿರಲಿಲ್ಲ. ಗಾಡಿಯ ಹಿಂದೆ ನಡೆಯುತ್ತಿದ್ದವನು ರೈಲಿನಲ್ಲಿ ಯಜಮಾನನ ಪಕ್ಕದಲ್ಲಿಯೇ, ಗೊಣಗಾಟವೆದ್ದರೂ, ಕುಳಿತುಕೊಂಡನು.

ಸ್ವಾತಂತ್ರ್ಯಾನಂತರ ದರ್ಜೆಗಳ ಹೆಸರುಗಳು ಬದಲಾದುವು. 1955ರಲ್ಲಿ ಹಳೆಯ ಮೊದಲನೆಯ ದರ್ಜೆಯನ್ನು ತೆಗೆದು ಎರಡನೆಯದಕ್ಕೇ ಆ ಹೆಸರಿಟ್ಟರು. 1974ರಲ್ಲಿ ಮೂರನೆಯ ದರ್ಜೆಯೂ ಹೆಸರಿನಲ್ಲಿ ಅಳಿಯಿತು. ನಿಜವಾದ ಬದಲಾವಣೆ ಬಂದದ್ದು 1977ರಲ್ಲಿ ಮಧು ದಂಡವತೆಯವರು ರೈಲ್ವೆ ಮಂತ್ರಿಗಳಾದ ಮೇಲೆ: ಎರಡನೆಯ ದರ್ಜೆಯ ಮರದ ಮಂಚಗಳಿಗೆ ಎರಡಂಗುಲದ ಮೆತ್ತೆ ಹೊದಿಸಬೇಕೆಂದು ಅವರು ಹಟ ಹಿಡಿದು ಮಾಡಿಸಿದರು. ಎರಡಂಗುಲ ಎಂದರೆ ಏನು ಮಹಾ ಎನ್ನುವವನು ಬರಿಯ ಹಲಗೆಯ ಮೇಲೆ ಅರಸೀಕೆರೆಯಿಂದ ಮುಂಬಯಿಗೆ ಹೋದವನಲ್ಲ. ದರ್ಜೆಗಳ ಇತಿಹಾಸದಲ್ಲಿ ಮೇಲಿನವರ ಸುಖವನ್ನು ಮತ್ತಷ್ಟು ಮೇಲಕ್ಕೆತ್ತಿದವರು ಹಲವರುಂಟು. ಕೆಳಗಿನವರ ಬೆನ್ನಿಗೆ ಮೆತ್ತೆಯಿಟ್ಟವರು ವಿರಳ.

ಮೆತ್ತೆಯ ಮಾತು ಬಂದುದರಿಂದ ನಮ್ಮ ತೆಂಗಿನ ವಿಷಯವನ್ನು ಒಂದಿಷ್ಟು ಹೇಳಿದರೆ ಅಪ್ರಸ್ತುತವಾಗಲಾರದು. ತಿಪಟೂರಿನ ಸೀಮೆಯ ಕೀರ್ತಿಯಿರುವುದು ಉಂಡೆ ಕೊಬ್ಬರಿಯಲ್ಲಿ. ಬಲಿತ ಕಾಯಿಯನ್ನು ಮಟ್ಟೆಯ ಸಮೇತ ಅಟ್ಟಕ್ಕೇರಿಸಿ, ಹತ್ತು ಹನ್ನೊಂದು ತಿಂಗಳು ಅಲುಗಿಸದೆ ಬಿಟ್ಟು, ಒಳಗಿನ ನೀರಿಂಗಿ ಕೊಬ್ಬರಿಯು ಚಿಪ್ಪು ಬಿಟ್ಟು ಗಡಗಡ ಎಂದಾಗ ಸುಲಿದು ಒಡೆಯುವುದು. ಸುಲಿದ ಮಟ್ಟೆ ಬಹುಕಾಲ ಒಲೆಗೂ ಹುರಿಗೂ ಮಾತ್ರ ಸಲ್ಲುತ್ತಿದ್ದಿತು. ಪರದೇಶದಲ್ಲಾದರೋ ಮೋಟಾರು ಕಟ್ಟುವವರು ತೆಂಗಿನ ನಾರಿಗೆ ರಬ್ಬರಿನ ಹಾಲು ಹೀರಿಸಿ ಒತ್ತಿದರೆ ಒಳ್ಳೆಯ ಮೆತ್ತೆಯಾಗುತ್ತದೆಂಬುದನ್ನು ಕಂಡುಕೊಂಡರು. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಆಸನಗಳೊಳಗೆ ನಾರಿನ ಮೆತ್ತೆಯಿದ್ದಿತು. 1990ರ ದಶಕದಲ್ಲಿ ಡೈಮ್ಲರ್-ಬೆನ್ಜ್ ಕಂಪನಿ ಬ್ರೆಜಿಲಿನಲ್ಲಿ ಲಾರಿಗಳ ತಲೆಯೊರಗುಗಳನ್ನು ತೆಂಗಿನ ನಾರಿನಿಂದಲೇ ಮಾಡಿಸಿತು. ನಮ್ಮ ದೇಶದ ರೈಲು ಬಸ್ಸುಗಳ ಮೆತ್ತೆಗಳೊಳಗೂ ಅದು ಸೇರಿತು. ವಿಮಾನಕ್ಕೆ ಮಾತ್ರ ಅದು ಏರಲಿಲ್ಲ. ಅಲ್ಲಿ ತೂಕದ ಲೆಕ್ಕ ಒಂದೆಡೆ, ಬೆಂಕಿಯ ಭಯ ಇನ್ನೊಂದೆಡೆ: ಆಸನದ ಮೆತ್ತೆಗೆ ಬೇಗನೆ ಉರಿ ಹತ್ತದಂತೆ ವಿಶೇಷ ಹೊದಿಕೆಯಿರಬೇಕೆಂದು 1984ರಲ್ಲಿ ಅಮೆರಿಕ ದೇಶವು ಕಟ್ಟುನಿಟ್ಟು ಮಾಡಿತು.

ಮಲಗುವ ಪ್ರಯಾಣಿಕನನ್ನು ಎಬ್ಬಿಸಿ ಕೂರಿಸಿದುದು ಬಸ್ಸು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಆರಂಭವಾಗುವುದಕ್ಕೆ ಮುನ್ನವೇ ಖಾಸಗಿ ಮೋಟಾರುಗಳು ನಮ್ಮ ಕಡೆ ಓಡುತ್ತಿದ್ದುವು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಇದ್ದಿಲಿನ ಗ್ಯಾಸಿನಿಂದ ಕೆಮ್ಮುತ್ತ ದಿಣ್ಣೆ ಹತ್ತಿದುದೂ ಉಂಟು. ಡ್ರೈವರಿನ ಪಕ್ಕದ ಆಸನ ಅಮಲ್ದಾರರಿಗೋ ಡಾಕ್ಟರಿಗೋ ಮೀಸಲು. ಉಳಿದವರಿಗೆ ಮೀಸಲಾತಿಯ ಸಾಧನ ಒಂದೇ, ಟವಲು. ಬಸ್ಸು ನಿಲ್ದಾಣದೊಳಕ್ಕೆ ತಿರುಗುತ್ತಿದ್ದಂತೆಯೇ ಓಡುತ್ತ ಓಡುತ್ತ ಕಿಟಕಿಯಿಂದ ಒಳಗೆಸೆದ ಟವಲನ್ನು ಮತ್ತೊಬ್ಬನು ಕದಲಿಸಿದರೆ ಅದು ಧರ್ಮಕ್ಕೆ ವಿರೋಧ. ಹಿಂದಿನ ಚಕ್ರದ ಮೇಲಿನ ಆಸನದಲ್ಲಿ ಕಾಲಿಡಲು ಸ್ಥಳವಿಲ್ಲ, ಕೊನೆಯ ಸಾಲಿನಲ್ಲಿ ಎತ್ತಿ ಎಸೆಯುತ್ತದೆ, ನಡುವಣ ಕಿಟಕಿಯೇ ಲೇಸು ಎಂಬ ಶಾಸ್ತ್ರವನ್ನು ಹಳ್ಳಿಯ ಹುಡುಗನೂ ಬಲ್ಲವನಾಗಿದ್ದನು.

ವಿಮಾನವೂ ಈ ಕುಳ್ಳಿರಿಸುವ ಸಂಪ್ರದಾಯಕ್ಕೇ ಸೇರಿತು. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್ಲಿನ ‘ಮಲಬಾರ್ ಪ್ರಿನ್ಸೆಸ್’ ವಿಮಾನವು 35 ಪ್ರಯಾಣಿಕರೊಡನೆ ಮುಂಬಯಿಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹಾರಿದಾಗ, ಪ್ರಯಾಣ ಮಾಡುವವರೇ ಗಣ್ಯರಾಗಿದ್ದುದರಿಂದ ಒಳಗೆ ಬೇರೆ ದರ್ಜೆಗಳ ಗೊಡವೆ ಅಷ್ಟಾಗಿ ಬೇಕಿರಲಿಲ್ಲ. 1970ರ ದಶಕದಲ್ಲಿ ಜಂಬೋ ವಿಮಾನಗಳು ಬಂದು, ಮುನ್ನೂರು ನಾನ್ನೂರು ಜನರನ್ನು ತುಂಬಲು ಅಗ್ಗದ ಟಿಕೆಟ್ಟುಗಳು ಹೊರಟ ಮೇಲೆ ಒಂದು ತಕರಾರು ಹುಟ್ಟಿತು: ಕಂಪನಿಯ ಕೆಲಸಕ್ಕಾಗಿ ಪೂರ್ಣ ದರ ತೆತ್ತು ಬಂದವನೂ, ಅದರ ಅರ್ಧಕ್ಕೆ ಬಂದ ಪ್ರವಾಸಿಯೂ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರಬೇಕೆ? ಪೂರ್ಣ ದರದವರನ್ನು ಬೇರೆ ಕೂರಿಸುವ ಏರ್ಪಾಟನ್ನು 1978ರ ಸುಮಾರಿಗೆ ಪ್ಯಾನ್ ಅಮೆರಿಕನ್ ಮತ್ತು ಬ್ರಿಟಿಷ್ ಏರ್‌ವೇಸ್ ಸಂಸ್ಥೆಗಳು ಮಾಡಿದುವು. 1979ರಲ್ಲಿ ಆಸ್ಟ್ರೇಲಿಯದ ಕ್ವಾಂಟಸ್ ಬಿಸಿನೆಸ್ ಕ್ಲಾಸ್ ಎಂದೇ ಕರೆಯಿತು. ಆಗಲೂ ಅದು ಹೆಚ್ಚು ಒರಗುವ ಕುರ್ಚಿಯೇ ಆಗಿತ್ತು. ಆಮೇಲೆ ಬಂದ ಕೆಲವು ಕುರ್ಚಿಗಳು ನೇರವಾಗಿ ಚಾಚಿಕೊಂಡರೂ ನೆಲಕ್ಕೆ ಸಮನಾಗದೆ ಇಳಿಜಾರಾಗಿ ನಿಲ್ಲುತ್ತಿದ್ದುವು. ಕಣ್ಣು ಹತ್ತಿದವನು ನಡುರಾತ್ರಿಯ ಹೊತ್ತಿಗೆ ಕಾಲಕಡೆಗೆ ಜಾರಿ ಮುದ್ದೆಯಾಗಿರುತ್ತಿದ್ದನು.

ಬಿಸಿನೆಸ್ ಕ್ಲಾಸಿನಲ್ಲಿ ಸಮತಟ್ಟಾದ ಮಂಚವನ್ನು ಮೊದಲು ಹಾಸಿದುದು ಬ್ರಿಟಿಷ್ ಏರ್‌ವೇಸ್, 2000ದ ಇಸವಿಯಲ್ಲಿ. ಆರಡಿಯ ಮಂಚಗಳನ್ನು ಸಾಲಾಗಿ ಇಟ್ಟರೆ ಜನ ಹಿಡಿಯುವುದಿಲ್ಲ. ಜನ ಹಿಡಿಯದಿದ್ದರೆ ಹಣ ಹುಟ್ಟುವುದಿಲ್ಲ. ಲಂಡನ್ನಿನ ಟ್ಯಾಂಜರೀನ್ ಎಂಬ ವಿನ್ಯಾಸ ಸಂಸ್ಥೆ ಕಂಡುಹಿಡಿದ ಪರಿಹಾರವೇನೆಂದರೆ, ಒಂದು ಆಸನ ಮುಂದಕ್ಕೆ ಮುಖ ಮಾಡಿದ್ದರೆ ಪಕ್ಕದ್ದು ಹಿಂದಕ್ಕೆ ಮುಖ ಮಾಡಿರುವಂತೆ ಜೋಡಿಸಿ, ಒಬ್ಬನ ಅಗಲವಾದ ಹೆಗಲಿನ ಪಕ್ಕಕ್ಕೆ ಇನ್ನೊಬ್ಬನ ಕಿರಿದಾದ ಕಾಲ್ದೆಸೆ ಬರುವಂತೆ ಮಾಡುವುದು. ನಮ್ಮ ಜಾತ್ರೆಯ ಗಾಡಿಯಲ್ಲಿ ಹೆಂಗಸರು ಮಕ್ಕಳನ್ನು ಮಲಗಿಸುತ್ತಿದ್ದ ಕ್ರಮವೇ ಇದು. ಅವರಿವರು ಒಬ್ಬರಿಂದೊಬ್ಬರು ಕಲಿತರೆಂದು ನಾನು ಹೇಳುತ್ತಿಲ್ಲ. ಇಕ್ಕಟ್ಟಿನಲ್ಲಿ ದೇಹವನ್ನು ಮಲಗಿಸಬೇಕಾದ ಬುದ್ಧಿ ಎಲ್ಲಿದ್ದರೂ ಅಲ್ಲಿಗೇ ಹೋಗಿ ಮುಟ್ಟುತ್ತದೆ. ಅನಂತರ ಮಂಚಗಳು ಓರೆಯಾದುವು, ಪ್ರತಿಯೊಂದಕ್ಕೂ ನಡುದಾರಿಗೆ ನೇರ ಬಾಗಿಲಾಯಿತು. 2017ರಲ್ಲಿ ಕತಾರ್ ಏರ್‌ವೇಸ್ ಸರಿಸಿ ಮುಚ್ಚುವ ಬಾಗಿಲನ್ನೇ ಇರಿಸಿತು. ಮೇನೆಯ ಲಕ್ಷಣಗಳಲ್ಲಿ ಕೊನೆಯದೂ ಹೀಗೆ ಪೂರ್ತಿಯಾಯಿತು.

ಬೆಂಗಳೂರಿಗೂ ಈ ಕಥೆಯಲ್ಲಿ ಒಂದು ಪಾತ್ರವಿದೆ. ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ವಿಮಾನಗಳ ಜೊತೆಗೆ ಮೂರನೆಯ ದರ್ಜೆಯ ರೈಲು ಡಬ್ಬಿಗಳನ್ನೂ ಕಟ್ಟಿತೆಂಬುದು ಎಷ್ಟೋ ಜನಕ್ಕೆ ತಿಳಿಯದು; ಡಬ್ಬಿ ಕಟ್ಟುವ ಆ ವಿಭಾಗವೇ 1964ರಲ್ಲಿ ಬಿ.ಇ.ಎಂ.ಎಲ್. ಎಂಬ ಸಂಸ್ಥೆಯಾಗಿ ಬೇರೆಯಾಯಿತು. ಹೆಚ್.ಎ.ಎಲ್. ಎಂದು ಹೆಸರಾದ ಆ ಕಾರ್ಖಾನೆಯ ವಿಮಾನ ನಿಲ್ದಾಣದಿಂದ ನಡೆಯುತ್ತಿದ್ದ ನಾಗರಿಕ ಸಂಚಾರ 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಗೆ ಹೋಯಿತು. ಅಲ್ಲಿಗೆ 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಾಗಿ, ಎಲ್ಲಿಯೂ ಇಳಿಯದೆ, ಸುಮಾರು ಹದಿನೇಳು ಗಂಟೆ ಹಾರಿ ಬಂದಿತು, ನಡೆಸಿದವರೆಲ್ಲರೂ ಮಹಿಳೆಯರು. ಹದಿನೇಳು ಗಂಟೆಯೆಂದರೆ ಸಣ್ಣ ಮಾತಲ್ಲ. ಅಷ್ಟು ಹೊತ್ತು ಕುಳಿತೇ ಇದ್ದರೆ ಕಾಲು ಊದಿಕೊಳ್ಳುವುದು ಅರುವತ್ತು ದಾಟಿದ ಎಲ್ಲರ ಅನುಭವ.

ನೊಣವಿನಕೆರೆಯ ನಮ್ಮ ಪರಿಚಿತರೊಬ್ಬರ ಮನೆಯಲ್ಲಿ ಇಂಥ ಪ್ರಯಾಣಕ್ಕಾಗಿ ಆಸನ ಆಯುವುದನ್ನು ಕಂಡಿದ್ದೇನೆ. ಹಜಾರದಲ್ಲಿ ಕೊಬ್ಬರಿಯ ಚೀಲಗಳ ಪಕ್ಕದಲ್ಲಿ ಕುಳಿತ ಮೊಮ್ಮಗನು ಫೋನಿನ ಮೇಲೆ ಆಸನಗಳ ನಕ್ಷೆ ತೆರೆದು, “ತಾತ, ಕಿಟಕಿ ಪಕ್ಕ ಬೇಕೋ, ಓಡಾಡೋ ದಾರಿ ಪಕ್ಕ ಬೇಕೋ?” ಎಂದನು. ತಾತ ಕನ್ನಡಕವನ್ನು ಹಣೆಗೇರಿಸಿ, “ಕಿಟಕೀಲಿ ಏನಪ್ಪಾ ನೋಡೋದು, ಮೋಡಾನ? ಕಕ್ಕಸು ಹತ್ರ ಇರಬೇಕು, ಅದರ ಬಾಗಿಲು ಬಡಿಯೋದು ಮಾತ್ರ ಕೇಳಬಾರದು. ಎದ್ದು ಹೋಗೋವಾಗ ಇನ್ನೊಬ್ಬರ ಕಾಲು ದಾಟೋ ಹಂಗೂ ಇರಬಾರದು. ಅಂಥದ್ದು ನೋಡು” ಎಂದರು. ವಿಮಾನವನ್ನೇ ಏರಿರದ ಆ ವೃದ್ಧರು ಈ ವಿದ್ಯೆಯ ಮುಕ್ಕಾಲು ಭಾಗವನ್ನು ಎರಡು ಮಾತಿನಲ್ಲಿ ಮುಗಿಸಿದ್ದರು. ಸಾಲಿಗೆ ಎರಡು-ಎರಡು-ಎರಡು ಎಂದು ಜೋಡಿಸಿದ ವಿಮಾನದಲ್ಲಿ ಕಿಟಕಿಯ ಬಳಿ ಮಲಗಿದವನು ನಡುರಾತ್ರಿ ಏಳಬೇಕಾದರೆ ಪಕ್ಕದವನ ಕಾಲ ಮೇಲೆ ಹಾಯಬೇಕು. ಅಲ್ಲಿ ನಡುಸಾಲಿನ ಜೋಡಿಯೇ ದಂಪತಿಗಳಿಗೆ ಉತ್ತಮ, ಇಬ್ಬರಿಗೂ ಒಂದೊಂದು ದಾರಿಯಿರುತ್ತದೆ. ಎರಡು-ಮೂರು-ಎರಡು ಎಂದಿದ್ದರೆ ನಡುವಣವನ ಗತಿ ಬೇಡ. ಒಂದು-ಎರಡು-ಒಂದು ಎಂದಿದ್ದರೆ ಕಣ್ಣು ಮುಚ್ಚಿ ಆರಿಸಬಹುದು. ಅಡುಗೆಯ ಗೂಡಿನ ಬಳಿ ಇರುಳೆಲ್ಲ ತಟ್ಟೆಗಳ ಸದ್ದು, ಬೆಳಕು. ತೊಟ್ಟಿಲು ತೂಗುಹಾಕುವ ಗೋಡೆಯೆದುರಿನ ಸಾಲಿನಲ್ಲಿ ಹಸುಗೂಸಿನ ಅಳು. ಆದರೆ ಹಲವು ವಿಮಾನಗಳಲ್ಲಿ ಪಾದವನ್ನು ತೂರಿಸುವ ಗೂಡು ಆ ಮೊದಲ ಸಾಲಿನಲ್ಲಿಯೇ ವಿಶಾಲವಾಗಿರುತ್ತದೆ, ಎತ್ತರದ ಆಳಿಗೆ ಅದು ಲಾಭ. ರೆಕ್ಕೆಯ ನೇರದಲ್ಲಿ ಕುಲುಕಾಟ ಎಲ್ಲಕ್ಕಿಂತ ಕಡಿಮೆ, ಬಾಲದ ಕಡೆ ಹೆಚ್ಚು: ವಿಮಾನದ ಭಾರದ ಕೇಂದ್ರ ರೆಕ್ಕೆಯ ಬಳಿ ಇರುವುದರಿಂದ ಅದು ಮೂಗೆತ್ತಿದರೂ ಇಳಿಸಿದರೂ ಆ ಭಾಗ ಹೆಚ್ಚು ಏಳುಬೀಳುವುದಿಲ್ಲ. ಗಾಡಿಯಲ್ಲಿ ಅಚ್ಚಿನ ಮೇಲಿನ ಸ್ಥಳ ಬಲು ಕೆಟ್ಟದ್ದು, ವಿಮಾನದಲ್ಲಿ ಅದಕ್ಕೆ ಸಮನಾದ ಸ್ಥಳ ಬಲು ಒಳ್ಳೆಯದು ಎಂಬ ಈ ವಿಪರ್ಯಯಕ್ಕೆ ಕಾರಣವೂ ಸರಳ. ನೆಲದ ಏಟು ಅಚ್ಚಿನ ಮೂಲಕ ಬರುತ್ತದೆ, ಗಾಳಿಗೆ ಅಂಥ ಅಚ್ಚಿಲ್ಲ.

ಆ ಮಂಚದ ಬೆಲೆ ಅಷ್ಟೇಕೆ ಎಂದರೆ, ಒಬ್ಬನು ಹಾಗೆ ಮಲಗುವ ನೆಲದಲ್ಲಿ ಹಿಂದಿನ ದರ್ಜೆಯ ಮೂವರು ಕೂರಬಹುದು. ಮೇನೆಯ ಬೋಯಿಗಳ ಹೆಗಲಿಗೆ ಬದಲಾಗಿ ಇಲ್ಲಿ ಈ ನೆಲದ ಲೆಕ್ಕವಿದೆ. ಮಲಗುವ ಹಕ್ಕನ್ನು ಎಲ್ಲರಿಗೂ ಒಂದಿಷ್ಟಾದರೂ ಹಂಚಿದುದು ನಮ್ಮ ರೈಲಿನ ಮೂರಂತಸ್ತಿನ ಡಬ್ಬಿಯೊಂದೇ. 2019ರಲ್ಲಿ ಓಡತೊಡಗಿದ ವಂದೇ ಭಾರತ್ ಗಾಡಿಗಳು ಬರಿಯ ಕುರ್ಚಿಗಳನ್ನು ಹಾಕಿಕೊಂಡು ಬಂದಾಗ ಅದೂ ಮರೆಯಾಗುವುದೇನೋ ಎನಿಸಿದ್ದುಂಟು. ಆದರೆ ಅದರ ಮಲಗುವ ಗಾಡಿಯೂ 2024ರಲ್ಲಿ ಬೆಂಗಳೂರಿನ ಬಿ.ಇ.ಎಂ.ಎಲ್.ನಿಂದಲೇ ಸಿದ್ಧವಾಗಿ ಹೊರಬಂದಿತು. ವಿಮಾನಲೋಕಕ್ಕೂ ಈಗ ಈ ಬುದ್ಧಿ ತಟ್ಟಿದೆ. ನ್ಯೂಜಿಲೆಂಡಿನ ವಿಮಾನ ಸಂಸ್ಥೆಯು ಕೆಳದರ್ಜೆಯ ಪ್ರಯಾಣಿಕರಿಗಾಗಿ ಮೂರು ಮೂರು ಮಂಚಗಳನ್ನು ಒಂದರ ಮೇಲೊಂದರಂತೆ ಎರಡು ಕಡೆ ಜೋಡಿಸಿ, ನಾಲ್ಕು ಗಂಟೆಗಿಷ್ಟೆಂದು ಬಾಡಿಗೆಗೆ ಕೊಡುವ ಯೋಜನೆಯನ್ನು 2020ರಲ್ಲಿ ಪ್ರಕಟಿಸಿತು. ಹಾಗಾದಾಗ ಅಲ್ಲಿಯೂ ಕೆಳಗಿನ ಮಂಚ ಮುದುಕರಿಗೆ ಬಿಡಿ ಎಂಬ ವಿನಂತಿ, ನಡುವಣ ಮಂಚದ ತಲೆತಾಗು, ಹೊತ್ತಾಯಿತು ಇಳಿಯಿರಿ ಸ್ವಾಮಿ ಎಂಬ ಚಡಪಡಿಕೆ, ಇವೆಲ್ಲ ಹುಟ್ಟದೆ ಇರಲಾರವು. ಆ ಜಗಳಗಳನ್ನು ಬಗೆಹರಿಸುವುದರಲ್ಲಿ ಅರಸೀಕೆರೆಯ ಜಂಕ್ಷನ್ನಿನಲ್ಲಿ ಹತ್ತಿಳಿದು ಪಳಗಿದ ನಮ್ಮವರಿಗೆ ಹೆಚ್ಚಿನ ತೊಡಕಾಗದು.